ಮೊದಲ ಮುಟ್ಟು ಏನನ್ನು ಹೇಳುತ್ತದೆ?

ಹುಡುಗಿ ಮೊದಲ ಸಲ ಮುಟ್ಟಾದಾಗ ಕನ್ನಡದಲ್ಲಿ ಅವಳು ‘ಮೈನೆರೆದಳು’ ಎನ್ನುತ್ತೇವೆ. ನೆರೆಯುವುದೆಂದರೆ ತುಂಬಿಕೊಳ್ಳುವುದು, ಪೂರ್ಣವಾಗುವುದು. ಇನ್ನೂ ಹೆಚ್ಚು ಬಳಕೆಯ ಮಾತು ‘ದೊಡ್ಡವಳಾದಳು’. ಎರಡು ಮಾತುಗಳಲ್ಲೂ ಒಂದು ತೀರ್ಪು ಅಡಗಿದೆ: ನಿನ್ನೆ ರಾತ್ರಿಯವರೆಗೆ ಮಗು, ಇವತ್ತು ಬೆಳಗಿನಿಂದ ಹೆಂಗಸು. ಹಸೆಗೆ ಕೂರಿಸುವುದು, ಆರತಿ ಎತ್ತುವುದು, ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುವುದು ಎಲ್ಲವೂ ಆ ತೀರ್ಪನ್ನು ಊರಿಗೆ ತಿಳಿಸುವ ಬಗೆ.

ಈ ತೀರ್ಪು ಮನೆಯೊಳಗಿನ ಸಡಗರವಾಗಿಯಷ್ಟೇ ಉಳಿದಿದ್ದರೆ ಅದರ ಚರಿತ್ರೆ ಬರೆಯುವ ಅಗತ್ಯವಿರಲಿಲ್ಲ. ಆದರೆ 19ನೇ ಶತಮಾನದ ಕೊನೆಯಲ್ಲಿ ಅದು ಕಲ್ಕತ್ತೆಯ ಹೈಕೋರ್ಟಿಗೆ ಹೋಯಿತು, ವೈಸರಾಯರ ಶಾಸನಸಭೆಗೆ ಹೋಯಿತು, ದೇಶದ ಪತ್ರಿಕೆಗಳಲ್ಲೆಲ್ಲ ಜಗಳವಾಯಿತು. ಹುಡುಗಿಯ ದೇಹ ದಾಂಪತ್ಯಕ್ಕೆ ಸಿದ್ಧವಾಗಿದೆ ಎನ್ನಲು ಮೊದಲ ಮುಟ್ಟು ಸಾಕ್ಷಿಯಾಗಬಲ್ಲದೇ ಎಂಬುದು ಆ ಜಗಳದ ತಿರುಳು. ಅಲ್ಲ ಎಂದು ಹೇಳಿದ ವೈದ್ಯರು ಆಗಲೇ ಇದ್ದರು. ಏಕೆ ಅಲ್ಲ ಎಂಬುದನ್ನು ತಿಳಿಯಲು ಮಾತ್ರ ಇನ್ನೂ 90 ವರ್ಷ ಬೇಕಾಯಿತು. ಅದು ತಿಳಿದದ್ದು ಅಮೆರಿಕದ ಪ್ರಯೋಗಾಲಯಗಳಲ್ಲಿ, ಭಾರತದ ಕೋತಿಗಳ ಮೂಲಕ.

ಹತ್ತು ವರ್ಷದ ಗೆರೆ

1860ರ ಭಾರತೀಯ ದಂಡಸಂಹಿತೆ ಹೆಣ್ಣಿನ ಸಮ್ಮತಿಯ ವಯಸ್ಸನ್ನು 10 ಎಂದು ನಿಗದಿ ಮಾಡಿತ್ತು. ಹೆಂಡತಿಗೆ 10 ತುಂಬಿದ್ದರೆ ಗಂಡ ನಡೆಸುವ ಸಂಭೋಗ ಅತ್ಯಾಚಾರವಾಗುತ್ತಿರಲಿಲ್ಲ.

1890ರ ಜೂನಿನಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ದಾಸಿ ಎಂಬ ಹುಡುಗಿ ತೀರಿಕೊಂಡಳು. ವಯಸ್ಸು 11ರ ಆಸುಪಾಸು. ಗಂಡ ಹರಿಮೋಹನ ಮೈತಿ ಅವಳಿಗಿಂತ ಬಹಳ ದೊಡ್ಡವನು. ಅವನ ಸಂಭೋಗದಿಂದಾದ ಗಾಯ ಮತ್ತು ರಕ್ತಸ್ರಾವವೇ ಸಾವಿಗೆ ಕಾರಣವಾಗಿತ್ತು. ಹುಡುಗಿಗೆ 10 ದಾಟಿದ್ದರಿಂದ ಅತ್ಯಾಚಾರದ ಆರೋಪ ಹೊರಿಸಲು ಬರುವಂತಿರಲಿಲ್ಲ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದ ಅಪರಾಧಕ್ಕಾಗಿ ಅವನಿಗೆ ಒಂದು ವರ್ಷದ ಕಠಿಣ ಸಜೆಯಾಯಿತು. ಬೀದಿಯಲ್ಲಿ ಗಾಡಿಯನ್ನು ಎಚ್ಚರವಿಲ್ಲದೆ ಓಡಿಸಿ ಯಾರದೋ ಕಾಲು ಮುರಿದವನ ಮೇಲೂ ಇದೇ ಸೆಕ್ಷನ್ ಬೀಳಬಹುದಿತ್ತು.

ಅಂಥದೇ ಇನ್ನೊಬ್ಬ ಹುಡುಗಿ ಬದುಕಿ ಉಳಿದದ್ದು ಹೇಗೆ ಎಂಬುದನ್ನೂ ನೋಡಬೇಕು. ಮುಂಬೈಯ ರಖ್ಮಾಬಾಯಿಗೆ 11ನೇ ವಯಸ್ಸಿನಲ್ಲಿ ಮದುವೆಯಾಯಿತು. ಕೆಲವೇ ತಿಂಗಳಲ್ಲಿ ಅವಳು ಮೈನೆರೆದಳು. ಪದ್ಧತಿಯಂತೆ ಗರ್ಭಾದಾನ ನಡೆಯಬೇಕಿತ್ತು. ನಮ್ಮ ಕಡೆ ನಿಷೇಕ, ಪ್ರಸ್ತ ಎಂದು ಕರೆಯುತ್ತಿದ್ದುದು ಇದನ್ನೇ. ಆದರೆ ಅವಳ ಮಲತಂದೆ ಸಖಾರಾಮ ಅರ್ಜುನ್ ವೈದ್ಯರಾಗಿದ್ದರು, ಅವರು ಬಿಡಲಿಲ್ಲ. ಅವಳು ಓದುತ್ತಾ ತವರಲ್ಲೇ ಉಳಿದಳು. ಮುಂದೆ ಗಂಡ ದಾದಾಜಿ ಭಿಕಾಜಿ ಕೋರ್ಟಿಗೆ ಹೋದಾಗ ಅವನ ಜೊತೆ ಬಾಳಲಾರೆ ಎಂದಳು. 1887ರಲ್ಲಿ ಕೋರ್ಟು ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದಿತು. ಜೈಲಾದರೂ ಸರಿ ಎಂದು ಅವಳು ಉತ್ತರಿಸಿದಳು. ಕೊನೆಗೆ ರಾಜಿಯಾಯಿತು. ಲಂಡನ್ನಿನಲ್ಲಿ ವೈದ್ಯಕೀಯ ಓದಿ ಬಂದ ರಖ್ಮಾಬಾಯಿ ಸೂರತ್ತಿನಲ್ಲಿ ಹಲವು ವರ್ಷ ವೈದ್ಯೆಯಾಗಿದ್ದರು. ಇವೆಲ್ಲಕ್ಕೂ ಮೊದಲು, ಮುಟ್ಟು ಬಂದ ಮಾತ್ರಕ್ಕೆ ಹುಡುಗಿ ಸಿದ್ಧಳಲ್ಲ ಎಂದು ಒಬ್ಬ ವೈದ್ಯ ತನ್ನ ಮನೆಯೊಳಗೆ ಹೇಳಿದ್ದ.

ಬಿಸಿಲ ನಾಡಿನ ಕಟ್ಟುಕತೆ

ಎಳೆಯ ಮದುವೆಯನ್ನು ಸಮರ್ಥಿಸಲು ಶಾಸ್ತ್ರದ ಜೊತೆಗೆ ಇನ್ನೊಂದು ವಾದವೂ ಇತ್ತು. ಅದು ಯುರೋಪಿನಿಂದ ಬಂದದ್ದು. 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ, ಬಿಸಿ ಹವೆಯ ದೇಶಗಳಲ್ಲಿ ಹೆಣ್ಣುಮಕ್ಕಳು ಎಂಟು, ಒಂಬತ್ತು, ಹತ್ತರಲ್ಲೇ ಮದುವೆಗೆ ಬರುತ್ತಾರೆ, ಇಪ್ಪತ್ತಕ್ಕೆ ಮುದುಕಿಯರಾಗುತ್ತಾರೆ ಎಂಬರ್ಥದಲ್ಲಿ ಬರೆದಿದ್ದರು. ಹಣ್ಣು ಬಿಸಿಲಿಗೆ ಬೇಗ ಮಾಗುವಂತೆ ಹೆಣ್ಣೂ ಮಾಗುತ್ತದೆ ಎಂಬ ಈ ತರ್ಕ ವೈದ್ಯಗ್ರಂಥಗಳಿಗೂ ಆಡಳಿತಗಾರರ ತಲೆಗೂ ಹೊಕ್ಕಿತು. ಇಂಗ್ಲೆಂಡಿನ ಹುಡುಗಿಗೆ ಒಂದು ವಯಸ್ಸು, ಇಂಡಿಯಾದ ಹುಡುಗಿಗೆ ಇನ್ನೊಂದು ವಯಸ್ಸು ಎನ್ನುವುದಕ್ಕೆ ಅದು ನೆಪವಾಯಿತು.

ಈ ನಂಬಿಕೆಯನ್ನು ಅಂಕಿಗಳಿಂದ ಪ್ರಶ್ನಿಸಿದವರು ಮ್ಯಾಂಚೆಸ್ಟರಿನ ವೈದ್ಯ ಜಾನ್ ರಾಬರ್ಟನ್. 1830 ಮತ್ತು 40ರ ದಶಕಗಳಲ್ಲಿ ಅವರು ಲ್ಯಾಬ್ರಡಾರಿನ ಹಿಮದ ನಾಡಿನಿಂದ ಬಂಗಾಳದವರೆಗೆ ವೈದ್ಯರು, ಪಾದ್ರಿಗಳ ಮೂಲಕ ಹೆಂಗಸರ ಮೊದಲ ಮುಟ್ಟಿನ ವಯಸ್ಸು ಕಲೆಹಾಕಿದರು. ಹವೆಗೂ ಮುಟ್ಟಿಗೂ ಜನ ಹೇಳುವಂಥ ನಂಟಿಲ್ಲ, ಎಳೆಯ ಮದುವೆ ನಿಸರ್ಗದ ಕಟ್ಟಳೆಯಲ್ಲ, ಸಮಾಜದ ರೂಢಿ ಎಂಬುದು ಅವರ ವಾದ. ಅವರನ್ನು ಕೇಳಿದವರು ಕಡಿಮೆ.

ಮುಂದಿನ ಶತಮಾನದ ಲೆಕ್ಕಗಳು ಹವೆಯ ವಾದವನ್ನು ಬೇರೊಂದು ದಾರಿಯಿಂದ ಸಡಿಲಗೊಳಿಸಿದವು. ಉತ್ತರ ಯುರೋಪಿನ ಹಲವೆಡೆ 19ನೇ ಶತಮಾನದಲ್ಲಿ 16ರ ಆಸುಪಾಸಿದ್ದ ಮೊದಲ ಮುಟ್ಟು 20ನೇ ಶತಮಾನದ ನಡುವಿನ ಹೊತ್ತಿಗೆ 13ರ ಆಸುಪಾಸಿಗೆ ಇಳಿಯಿತು. ಅಲ್ಲಿನ ಬಿಸಿಲೇನೂ ಹೆಚ್ಚಿರಲಿಲ್ಲ. ಊಟ ಸುಧಾರಿಸಿತ್ತು, ಮಕ್ಕಳ ಕಾಯಿಲೆ ಕಡಿಮೆಯಾಗಿತ್ತು.

ಭಾರತದಲ್ಲೇ ಈ ಪ್ರಶ್ನೆಯನ್ನು ಕ್ರಮವಾಗಿ ಎತ್ತಿದವರು ಬ್ರಹ್ಮಸಮಾಜದ ಕೇಶವಚಂದ್ರ ಸೇನ್. 1871ರಲ್ಲಿ ಅವರು ಹೆಸರಾಂತ ವೈದ್ಯರಿಗೆ ಪತ್ರ ಬರೆದು, ಇಲ್ಲಿನ ಹುಡುಗಿಯರು ಯಾವ ವಯಸ್ಸಿಗೆ ಪ್ರೌಢರಾಗುತ್ತಾರೆ, ಮದುವೆಗೆ ಕನಿಷ್ಠ ವಯಸ್ಸು ಎಷ್ಟಿರಬೇಕು ಎಂದು ಕೇಳಿದರು. ನಾರ್ಮನ್ ಚೆವರ್ಸ್, ಜೋಸೆಫ್ ಫೇರರ್, ಮಹೇಂದ್ರಲಾಲ್ ಸರ್ಕಾರ್ ಮೊದಲಾದವರು ಉತ್ತರಿಸಿದರು. ಸರ್ಕಾರ್ ಸೂಚಿಸಿದ್ದು 16. ಈ ಉತ್ತರಗಳಲ್ಲಿ ಬರುವ ಒಂದು ಹೋಲಿಕೆ ಮರೆಯುವಂಥದ್ದಲ್ಲ. ಹಲ್ಲು ಇರುವುದು ಗಟ್ಟಿ ಆಹಾರ ಅಗಿಯಲು ನಿಜ, ಹಾಗೆಂದು ಮೊದಲ ಹಲ್ಲು ಮೂಡಿದ ದಿನವೇ ಮಗುವಿಗೆ ಗಟ್ಟಿ ಆಹಾರ ತಿನ್ನಿಸುತ್ತೇವೆಯೇ? ಮುಟ್ಟು ಆರಂಭದ ಗುರುತು, ಮುಗಿದುದರ ಗುರುತಲ್ಲ ಎಂಬುದು ಆ ಮಾತಿನ ಸಾರ. 1872ರ ವಿಶೇಷ ವಿವಾಹ ಕಾಯ್ದೆ ಹುಡುಗಿಗೆ 14 ಎಂಬ ಗೆರೆ ಎಳೆಯಿತು. ಆದರೆ ಆ ಕಾಯ್ದೆಯಡಿ ಮದುವೆಯಾಗುವವರು ಬೆರಳೆಣಿಕೆಯಷ್ಟು ಜನ.

ಹನ್ನೆರಡೋ, ಮುಟ್ಟೋ

ಫೂಲ್‌ಮಣಿಯ ಸಾವಿನ ನಂತರ ಸರ್ಕಾರಕ್ಕೆ ಸುಮ್ಮನಿರಲಾಗಲಿಲ್ಲ. 1891ರ ಜನವರಿ 9ರಂದು ಕಾನೂನು ಸದಸ್ಯ ಆಂಡ್ರೂ ಸ್ಕೋಬಲ್ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಮಸೂದೆ ಮಂಡಿಸಿದರು. ಎರಡೇ ವರ್ಷದ ಏರಿಕೆಗೆ ದೇಶ ಹೊತ್ತಿಕೊಂಡಿತು. ಪುಣೆಯಲ್ಲಿ ತಿಲಕರು ವಿರೋಧಿಸಿದರು, ಕಲ್ಕತ್ತೆಯ ಮೈದಾನದಲ್ಲಿ ದೊಡ್ಡ ಸಭೆಗಳಾದವು.

ವಿರೋಧದ ತರ್ಕ ಇದು: ಮೊದಲ ಮುಟ್ಟಿನ 16 ದಿನಗಳೊಳಗೆ ಗರ್ಭಾದಾನ ನಡೆಯಬೇಕು. ಕೆಲವು ಹುಡುಗಿಯರು 12ಕ್ಕೆ ಮುಂಚೆಯೇ ಮುಟ್ಟಾಗುತ್ತಾರೆ. ಆಗ ಕಾನೂನು ಪಾಲಿಸಿದರೆ ಧರ್ಮ ಕೆಡುತ್ತದೆ, ಧರ್ಮ ಪಾಲಿಸಿದರೆ ಜೈಲು. ಶಾಸನಸಭೆಯೊಳಗೆ ಸರ್ ರಮೇಶಚಂದ್ರ ಮಿತ್ರ ಈ ನಿಲುವಿಗೆ ದನಿಯಾದರು. 12 ಎಂಬ ಅಂಕಿ ಬೇಡ, ಮೊದಲ ಮುಟ್ಟನ್ನೇ ಗೆರೆಯಾಗಿ ಇಟ್ಟುಕೊಳ್ಳೋಣ ಎಂದವರೂ ಇದ್ದರು. ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಂಡಾರ್ಕರರು ಶಾಸ್ತ್ರದ ಒಳಗಿನಿಂದಲೇ ಇದಕ್ಕೆ ಉತ್ತರ ಕೊಟ್ಟರು.

ಇನ್ನೊಂದು ಉತ್ತರ ಆಸ್ಪತ್ರೆಗಳಿಂದ ಬಂತು. ಲಖನೌದ ವೈದ್ಯೆ ಮೊನೆಲ್ ಮ್ಯಾನ್ಸೆಲ್ ಅವರ ಮುಂದಾಳತ್ವದಲ್ಲಿ 55 ಮಹಿಳಾ ವೈದ್ಯರು ವೈಸರಾಯರಿಗೆ ಅರ್ಜಿ ಬರೆದರು. ಗಂಡು ವೈದ್ಯರಿಗೆ ಪ್ರವೇಶವಿಲ್ಲದ ಒಳಮನೆಗಳಿಗೆ ಇವರು ಹೋಗಬಲ್ಲವರಾಗಿದ್ದರು. ತಾವು ಕಣ್ಣಾರೆ ಕಂಡ ಸಾವು, ಊನ, ಪಾರ್ಶ್ವವಾಯುವಿನ ಪ್ರಕರಣಗಳ ಪಟ್ಟಿ ಅರ್ಜಿಯಲ್ಲಿತ್ತು. ಆ ಪಟ್ಟಿಯಲ್ಲಿ ಹುಡುಗಿಯರಿಗೆ ಹೆಸರಿಲ್ಲ. ವಯಸ್ಸು ಮತ್ತು ಗಾಯ, ಅಷ್ಟೇ. ಶಾಸನಸಭೆಯ ದೀರ್ಘ ಭಾಷಣಗಳ ಪಕ್ಕದಲ್ಲಿಟ್ಟು ಓದಿದರೆ, ಇಡೀ ಚರ್ಚೆ ಯಾರ ದೇಹದ ಬಗ್ಗೆ ನಡೆಯುತ್ತಿದೆ ಎಂಬುದು ನೆನಪಾಗುವುದು ಆ ಕೆಲವು ಸಾಲುಗಳಲ್ಲಿ ಮಾತ್ರ.

1891ರ ಮಾರ್ಚ್ 19ರಂದು ಮಸೂದೆ ಕಾಯ್ದೆಯಾಯಿತು. ಮೂರು ವರ್ಷದ ನಂತರ ಮೈಸೂರು ಸಂಸ್ಥಾನ ಬ್ರಿಟಿಷರು ಮುಟ್ಟಲು ಹೆದರಿದ ಮದುವೆಯ ವಯಸ್ಸಿಗೇ ಕೈ ಹಾಕಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ 1894ರ ಶಿಶುವಿವಾಹ ನಿಷೇಧ ಶಾಸನ 8 ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತು. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ತಡೆಯಿತು. ಎಂಟು ಎಂಬುದು ಈಗ ಓದಿದರೆ ಎದೆ ಝಲ್ಲೆನಿಸುವ ಅಂಕಿ. ಆದರೆ ಹುಡುಗಿಗೆ ಎಂಟಾದಾಗ ಗೌರಿ, ಒಂಬತ್ತಕ್ಕೆ ರೋಹಿಣಿ, ಹತ್ತಕ್ಕೆ ಕನ್ಯೆ, ಅಲ್ಲಿಂದ ಮುಂದೆ ರಜಸ್ವಲೆ ಎಂದು ಸ್ಮೃತಿಗಳು ಲೆಕ್ಕ ಇಟ್ಟಿದ್ದವು. ಸಂಸ್ಥಾನ ಆ ಲೆಕ್ಕವನ್ನು ಮೀರದೆ ಅದರ ಹೊಸ್ತಿಲಲ್ಲೇ ನಿಂತಿತು. ಮೈನೆರೆಯುವ ಮುಂಚೆ ಮದುವೆ ಆಗಲೇಬೇಕೆಂಬ ಒತ್ತಡ ಹಾಗೆಯೇ ಉಳಿಯಿತು.

ಅಂಡಾಶಯದಿಂದ ಮಿದುಳಿಗೆ

ಇಷ್ಟೆಲ್ಲ ನಡೆಯುವಾಗ ಮುಟ್ಟು ಏಕೆ ಬರುತ್ತದೆ ಎಂಬುದು ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಜರ್ಮನಿಯ ಎಡ್ವರ್ಡ್ ಫ್ಲ್ಯೂಗರ್ 1860ರ ದಶಕದಲ್ಲಿ, ಊದಿಕೊಳ್ಳುವ ಅಂಡಾಶಯ ನರಗಳನ್ನು ಒತ್ತಿ ರಕ್ತಸ್ರಾವ ಉಂಟುಮಾಡುತ್ತದೆ ಎಂದಿದ್ದರು. ಹಲವು ವರ್ಷ ಅದೇ ಒಪ್ಪಿತ ವಿವರಣೆ.

1896ರಲ್ಲಿ ವಿಯೆನ್ನಾದ ಎಮಿಲ್ ಕ್ನಾವರ್ ಮೊಲಗಳ ಅಂಡಾಶಯ ತೆಗೆದು ಅದೇ ದೇಹದ ಬೇರೆ ಜಾಗದಲ್ಲಿ ನೆಟ್ಟರು. ನರದ ಸಂಬಂಧ ಕಡಿದಿದ್ದರೂ ಗರ್ಭಕೋಶ ಸೊರಗಲಿಲ್ಲ. ಅದೇ ಊರಿನ ಯೋಸೆಫ್ ಹಾಲ್ಬನ್ ಕೋತಿಗಳಲ್ಲಿ ಇದನ್ನು ಮಾಡಿದಾಗ ಮುಟ್ಟು ಮುಂದುವರಿಯಿತು, ನೆಟ್ಟ ಅಂಡಾಶಯ ತೆಗೆದಾಗ ನಿಂತಿತು. ಅಂಡಾಶಯ ರಕ್ತಕ್ಕೆ ಏನನ್ನೋ ಬಿಡುತ್ತಿದೆ ಎಂಬುದು ಸ್ಪಷ್ಟವಾಯಿತು. ಇಂಥ ರಸಗಳಿಗೆ ‘ಹಾರ್ಮೋನು’ ಎಂಬ ಹೆಸರು ಬಂದದ್ದು 1905ರಲ್ಲಿ, ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವರಿಂದ.

1923ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಎಡ್ಗರ್ ಆ್ಯಲನ್ ಮತ್ತು ಎಡ್ವರ್ಡ್ ಡಾಯ್ಸಿ ಹಂದಿಯ ಅಂಡಾಶಯದ ದ್ರವದಿಂದ ಇದರಲ್ಲೊಂದು ರಸವನ್ನು ಬೇರ್ಪಡಿಸಿದರು. ನಂತರ ಈಸ್ಟ್ರೋಜನ್ ಎಂದು ಹೆಸರಾದದ್ದು ಇದೇ. ಎಳೆಯ ಇಲಿಗಳಿಗೆ ಚುಚ್ಚಿದರೆ ಅವು ಅಕಾಲದಲ್ಲಿ ಪ್ರೌಢವಾದವು. ನಾಲ್ಕು ವರ್ಷದೊಳಗೆ ಬರ್ಲಿನ್ನಿನ ಬರ್ನ್‌ಹಾರ್ಡ್ ಸೋಂಡೆಕ್ ಮತ್ತು ಸೆಲ್ಮಾರ್ ಆಶ್‌ಹೈಮ್ ಇನ್ನೊಂದು ಮೆಟ್ಟಿಲು ಮೇಲೆ ಹೋದರು. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಚೂರನ್ನು ಮರಿ ಇಲಿಯಲ್ಲಿ ನೆಟ್ಟರೆ ಅದರ ಅಂಡಾಶಯ ಕೆಲವೇ ದಿನಗಳಲ್ಲಿ ಎಚ್ಚೆತ್ತಿತು. ಅಂಡಾಶಯಕ್ಕೂ ಒಬ್ಬ ಯಜಮಾನ ಇದ್ದಾನೆ ಎಂದಾಯಿತು.

ಕೋತಿಗಳು ಹೇಳಿದ್ದು

ಇಲಿಗಳಿಗೆ ಮುಟ್ಟಿಲ್ಲ. ಮನುಷ್ಯರಂತೆ ಸುಮಾರು 28 ದಿನಕ್ಕೊಮ್ಮೆ ಮುಟ್ಟಾಗುವುದು ಉತ್ತರ ಭಾರತದ ರೀಸಸ್ ಕೋತಿ. ಹಡಗುಗಳಲ್ಲಿ ಅಮೆರಿಕಕ್ಕೆ ಸಾಗಿದ ಈ ಕೋತಿಗಳ ಮೇಲೆ ಜಾರ್ಜ್ ಕಾರ್ನರ್ ಕೆಲಸ ಆರಂಭಿಸಿದರು. 1923ರಲ್ಲಿ ಅವರು ಪ್ರಕಟಿಸಿದ ಸಂಗತಿ ಆ ಕಾಲದ ವೈದ್ಯರಿಗೆ ನಂಬಲು ಕಷ್ಟವಾಗಿತ್ತು: ಕೋತಿ ಮುಟ್ಟಾಗಿದ್ದರೂ ಅಂಡ ಬಿಡುಗಡೆಯೇ ಆಗಿರದೆ ಇರಬಹುದು. ಮುಟ್ಟು ಮತ್ತು ಫಲವಂತಿಕೆ ಒಂದೇ ಅಲ್ಲ. ಬಾಲ್ಟಿಮೋರಿನಲ್ಲಿ ಕೋತಿಗಳನ್ನು ಸಾಕಿ ವರ್ಷಗಟ್ಟಲೆ ಗಮನಿಸಿದ ಕಾರ್ಲ್ ಹಾರ್ಟ್‌ಮನ್ 1931ರಲ್ಲಿ ಇದನ್ನು ಹರೆಯಕ್ಕೆ ಜೋಡಿಸಿದರು. ಆಗಷ್ಟೇ ಮುಟ್ಟಾಗತೊಡಗಿದ ಎಳೆಯ ಕೋತಿಗಳಲ್ಲಿ ಬಹುಕಾಲ ಗರ್ಭ ನಿಲ್ಲುವುದು ಅಪರೂಪ ಎಂದು ಬರೆದರು.

ಅಷ್ಟರಲ್ಲಿ ಭಾರತದಲ್ಲಿ ಸರ್ ಮೋರೋಪಂತ್ ಜೋಶಿ ಸಮಿತಿ ದೇಶ ಸುತ್ತಿ ಸಾಕ್ಷಿ ಕೇಳಿ 1929ರಲ್ಲಿ ವರದಿ ಕೊಟ್ಟಿತ್ತು. ಶಾರದಾ ಕಾಯ್ದೆ 1930ರ ಏಪ್ರಿಲ್ 1ರಿಂದ ಹುಡುಗಿಯ ಮದುವೆಗೆ 14 ಎಂಬ ಗೆರೆ ಎಳೆದಿತ್ತು. ಸಮಿತಿಯವರು ಹೆರಿಗೆ ವಾರ್ಡುಗಳ ಅನುಭವ ಕೇಳುತ್ತಿದ್ದರು, ಕಾರ್ನರ್ ಮತ್ತು ಹಾರ್ಟ್‌ಮನ್ ಕೋತಿಗಳ ಅಂಡಾಶಯ ನೋಡುತ್ತಿದ್ದರು. ಎರಡೂ ಕಡೆಯ ಮಾತು ಒಂದೇ ದಿಕ್ಕಿಗೆ ಹೋಗುತ್ತಿತ್ತು.

ಪಿಟ್ಯುಟರಿಯ ಮೇಲಿನ ಯಜಮಾನ ಸಿಕ್ಕಿದ್ದು 1971ರಲ್ಲಿ. ಆ್ಯಂಡ್ರೂ ಶಾಲಿ ಮತ್ತು ರೋಜರ್ ಗೀಯ್ಮ್ಯಾ ಅವರ ಎರಡು ಪೈಪೋಟಿಯ ತಂಡಗಳು ಹಂದಿ, ಕುರಿಗಳ ಲಕ್ಷಾಂತರ ಮಿದುಳುಗಳನ್ನು ಅರೆದು, ಹೈಪೊಥಲಾಮಸ್ ಎಂಬ ಭಾಗ ಬಿಡುವ ಜಿಎನ್‌ಆರ್‌ಎಚ್ ಎಂಬ ಪುಟ್ಟ ಹಾರ್ಮೋನಿನ ರಚನೆಯನ್ನು ತಿಳಿದವು. ಪಿಟ್ಸ್‌ಬರ್ಗಿನಲ್ಲಿ ಅರ್ನ್‌ಸ್ಟ್ ಕ್ನೋಬಿಲ್ ತಂಡ ಇದನ್ನು ರೀಸಸ್ ಕೋತಿಗಳಿಗೆ ಕೊಟ್ಟು ನೋಡಿತು. ಸತತವಾಗಿ ಹರಿಸಿದರೆ ಪಿಟ್ಯುಟರಿ ಮಂಕಾಯಿತು. ಗಂಟೆಗೊಮ್ಮೆ ಮಿಡಿತದಂತೆ ಕೊಟ್ಟರೆ ಮಾತ್ರ ಅದು ಕೆಲಸ ಮಾಡಿತು.

1980ರಲ್ಲಿ ಇದೇ ತಂಡ ಇನ್ನೂ ಮರಿಗಳಾಗಿದ್ದ ಹೆಣ್ಣು ಕೋತಿಗಳಿಗೆ ಗಂಟೆಗೊಂದು ಮಿಡಿತದಂತೆ ಜಿಎನ್‌ಆರ್‌ಎಚ್ ಕೊಟ್ಟಿತು. ಕೆಲವು ವಾರಗಳಲ್ಲಿ ಮರಿಗಳು ಪ್ರಾಯದ ಕೋತಿಗಳಂತೆ ಋತುಚಕ್ರ ಆರಂಭಿಸಿದವು. ಹಾರ್ಮೋನು ನಿಲ್ಲಿಸಿದಾಗ ಅವು ಮತ್ತೆ ಬಾಲ್ಯದ ಸ್ಥಿತಿಗೆ ಮರಳಿದವು. ಅಂದರೆ ಮರಿಯ ಅಂಡಾಶಯವೂ ಪಿಟ್ಯುಟರಿಯೂ ಮೊದಲೇ ಕೆಲಸಕ್ಕೆ ತಯಾರಿದ್ದವು, ಅವುಗಳನ್ನು ತಡೆದಿಟ್ಟದ್ದು ಮಿದುಳು. ಮಿಡಿತ ಕೊಟ್ಟರೆ ಹಸುಳೆಯ ದೇಹವೂ ಮುಟ್ಟಾಗಬಲ್ಲದು. ಹಾಗಾದರೆ ಮುಟ್ಟನ್ನು ಪ್ರೌಢತೆಯ ಪ್ರಮಾಣಪತ್ರ ಎನ್ನುವುದು ಹೇಗೆ?

ಭಾರತ ಆ ವೇಳೆಗೆ ಕೋತಿಗಳ ರಫ್ತನ್ನು ನಿಲ್ಲಿಸಿತ್ತು. ವಿದೇಶದಲ್ಲಿ ಅವುಗಳನ್ನು ಮಿಲಿಟರಿಯ ವಿಕಿರಣ ಪ್ರಯೋಗಗಳಿಗೆ ಬಳಸುತ್ತಿರುವುದು ಗೊತ್ತಾಗಿ ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ನಿಷೇಧ ಹೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರ ತಂಡ ನಮ್ಮ ಊರುಗಳ ಸಾಮಾನ್ಯ ಕೋತಿಯನ್ನೇ ಇಟ್ಟುಕೊಂಡು ಪಿಟ್ಯುಟರಿಯ ಹಾರ್ಮೋನುಗಳನ್ನು ಅಧ್ಯಯನ ಮಾಡುತ್ತಿತ್ತು. ಒಂದೊಂದು ಹಾರ್ಮೋನನ್ನು ಪ್ರತಿಕಾಯಗಳಿಂದ ತಡೆದು, ಚಕ್ರದ ಯಾವ ಹಂತ ಅದನ್ನು ಅವಲಂಬಿಸಿದೆ ಎಂದು ನೋಡುವುದು ಅವರ ವಿಧಾನ.

ಇವೆಲ್ಲ ಸೇರಿ ಕೊಟ್ಟ ಚಿತ್ರ ಹೀಗಿದೆ. ಹೈಪೊಥಲಾಮಸ್‌ನ ಮಿಡಿತ ಮೊದಲು ರಾತ್ರಿ ನಿದ್ದೆಯಲ್ಲಿ ಬಲಗೊಳ್ಳುತ್ತದೆ. ಪಿಟ್ಯುಟರಿ ಎಫ್‌ಎಸ್‌ಎಚ್, ಎಲ್‌ಎಚ್‌ಗಳನ್ನು ಬಿಡುತ್ತದೆ, ಅಂಡಾಶಯ ಈಸ್ಟ್ರೋಜನ್ ಬಿಡುತ್ತದೆ. ಎದೆ ಮೂಡುತ್ತದೆ, ಎತ್ತರ ಸರ್ರನೆ ಏರುತ್ತದೆ. ಆ ಏರಿಕೆಯ ವೇಗ ತಗ್ಗುವ ಹೊತ್ತಿಗೆ, ಅಂದರೆ ಹರೆಯ ಶುರುವಾಗಿ ಎರಡು ಮೂರು ವರ್ಷದ ನಂತರ, ಮೊದಲ ಮುಟ್ಟು. ಅಲ್ಲಿಗೆ ಮುಗಿಯುವುದಿಲ್ಲ. ಪೂರ್ಣ ಚಕ್ರಕ್ಕೆ ಇನ್ನೊಂದು ಚಾತುರ್ಯ ಬೇಕು: ಈಸ್ಟ್ರೋಜನ್ ಒಂದು ಮಟ್ಟ ದಾಟಿ ಕೆಲಕಾಲ ನಿಂತಾಗ ಪಿಟ್ಯುಟರಿ ಒಮ್ಮೆಲೇ ಎಲ್‌ಎಚ್ ಸುರಿಸಬೇಕು. ಆಗಲೇ ಅಂಡ ಬಿಡುಗಡೆಯಾಗುವುದು, ಪ್ರೊಜೆಸ್ಟರಾನ್ ಬರುವುದು. ಈ ಹೊಂದಾಣಿಕೆ ನಿಧಾನವಾಗಿ ಕೂಡಿಬರುತ್ತದೆ. ಹಾಗಾಗಿ ಮೊದಲ ಒಂದೆರಡು ವರ್ಷ ಬಹಳಷ್ಟು ಚಕ್ರಗಳು ಅಂಡವಿಲ್ಲದೆ ಮುಗಿಯುತ್ತವೆ, ಮುಟ್ಟು ಏರುಪೇರಾಗುತ್ತದೆ. ಹಾಗೆಂದು ಗರ್ಭ ನಿಲ್ಲುವುದೇ ಇಲ್ಲ ಎಂದಲ್ಲ, ನಿಲ್ಲಬಹುದು. ಅಪಾಯವಿರುವುದೇ ಅಲ್ಲಿ. ಹೆರಿಗೆಗೆ ಬೇಕಾದ ಸೊಂಟದ ಮೂಳೆಯ ಅಗಲ ಮೊದಲ ಮುಟ್ಟಿನ ನಂತರವೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಮ್ಯಾನ್ಸೆಲ್ ಮತ್ತು ಅವರ ಜೊತೆಗಾರ್ತಿಯರು ಹಾಸಿಗೆಯ ಬಳಿ ನಿಂತು ಕಂಡದ್ದಕ್ಕೆ ಕಾರಣ ಇದು.

ಗೆರೆ ಸರಿದ ಬಗೆ

ಹೆಂಡತಿಯ ಸಮ್ಮತಿಯ ವಯಸ್ಸು 1891ರಲ್ಲಿ 12, 1925ರಲ್ಲಿ 13, 1949ರಲ್ಲಿ 15 ಆಯಿತು. ಅಲ್ಲಿಗೆ ನಿಂತುಬಿಟ್ಟಿತು. ಮದುವೆಯ ವಯಸ್ಸು 18 ಆದ ಮೇಲೂ, ಮದುವೆಯಾದ 15 ವರ್ಷದ ಹುಡುಗಿಗೆ ಅತ್ಯಾಚಾರದ ಕಾನೂನಿನ ರಕ್ಷಣೆ ಇರಲಿಲ್ಲ. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು 18ಕ್ಕೆ ಏರಿಸಿ ಓದಿತು. ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಕರ್ನಾಟಕ ತಂದಿದ್ದ ತಿದ್ದುಪಡಿಯನ್ನು ಅದೇ ತೀರ್ಪು ಮಾದರಿಯಾಗಿ ಹೆಸರಿಸಿತು. 1894ರ ಎಂಟರಿಂದ ಅಲ್ಲಿಗೆ ಬರಲು ಈ ನಾಡಿಗೆ 120 ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಹಾರ್ಮೋನುಗಳ ವಿಜ್ಞಾನವೇ ಕಾನೂನನ್ನು ಬದಲಿಸಿತು ಎಂದು ಹೇಳಲಾಗದು. ಬದಲಿಸಿದ್ದು ಕೋರ್ಟು ಹತ್ತಿದವರು, ಅರ್ಜಿ ಬರೆದವರು, ಬೈಸಿಕೊಂಡವರು. ಅವರಿಗೆ ಜಿಎನ್‌ಆರ್‌ಎಚ್ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಹುಡುಗಿಯ ಗಾಯ ಕಣ್ಣೆದುರಿಗಿತ್ತು. ಆದರೆ ‘ದೊಡ್ಡವಳಾದ ಮೇಲೆ ಇನ್ನೇನು’ ಎಂದು ಹುಡುಗಿಯನ್ನು ಶಾಲೆ ಬಿಡಿಸುವ ಮನೆಗಳು ಇವತ್ತೂ ಇವೆ. ಅಂಥ ಮನೆಯಲ್ಲಿ ಮೊದಲ ಮುಟ್ಟು ಈಗಲೂ ಒಂದು ಬಾಗಿಲನ್ನು ಮುಚ್ಚುತ್ತದೆ. ಅಲ್ಲಿ ಈ ವಿಜ್ಞಾನ ಹೇಳಬಹುದಾದ ಮಾತು ಸರಳ: ಮಿದುಳಿನಲ್ಲಿ ಮಿಡಿತವೊಂದು ಶುರುವಾಗಿದೆ, ಚಕ್ರ ತಿರುಗಲು ಕಲಿಯುತ್ತಿದೆ, ಮೂಳೆ ಇನ್ನೂ ಬೆಳೆಯುತ್ತಿದೆ. ಆರತಿ ಎತ್ತಿ, ಚಿಗಳಿ ಕೊಡಿ, ನಾಲ್ಕು ದಿನ ಬಿಟ್ಟು ಅವಳನ್ನು ಶಾಲೆಗೆ ಕಳಿಸಿ. ಮೈ ನೆರೆಯಲು ಇನ್ನೂ ಹಲವು ವರ್ಷ ಇದೆ.